ಎಳೆಯ ಬೆಕ್ಕಿನ ಮರಿಯ ಆರೈಕೆ: ಸಿಂಧನೂರಿನ ಹುಲ್ಲಿನ ಜೊತೆ ಬಂದ ಅನುಭವ

ತೋಟದ ಬೆಳೆಗಾರರ ಪತ್ರಿಕೆಯಲ್ಲಿ ಬೆಕ್ಕಿನ ಮರಿಯ ವಿಷಯವೇ ಎಂದು ಸದಸ್ಯ ಬಂಧುಗಳು ಕೇಳಬಹುದು. ಕಾಫಿ ಚೀಲವನ್ನು ಇಲಿ ಕೊರೆದಾಗ, ಮೆಣಸಿನ ಮೂಟೆಯಲ್ಲಿ ಹಿಕ್ಕೆ ಸಿಕ್ಕಾಗ ಆಗುವ ನಷ್ಟ ನಮಗೆಲ್ಲ ಗೊತ್ತಿದ್ದದ್ದೇ. ಅಟ್ಟದ ಮೇಲೊಂದು ಬೆಕ್ಕಿಲ್ಲದ ತೋಟದ ಮನೆಯನ್ನು ನಾನಂತೂ ಕಂಡಿಲ್ಲ. ಆದರೂ ತಾಯಿ ಸತ್ತ ಎಳೆಮರಿ ಕೈಗೆ ಬಂದಾಗ ಏನು ಮಾಡತಕ್ಕದ್ದು ಎಂಬುದು ಅರವತ್ತು ವರ್ಷ ಬೆಕ್ಕುಗಳ ನಡುವೆಯೇ ಬದುಕಿದ ನನಗೆ ತಿಳಿದಿರಲಿಲ್ಲ. ತಿಳಿಯದೆ ಮಾಡಿದ ತಪ್ಪಿಗೆ ಒಂದು ಮರಿ ಸತ್ತಿತು, ಇನ್ನೊಂದು ಉಳಿಯಿತು. ಎರಡರ ಸಂಗತಿಯನ್ನೂ ಬರೆಯುತ್ತಿದ್ದೇನೆ.

ಮಳೆಗಾಲಕ್ಕೆ ಮೊದಲು ದನಗಳಿಗೆ ಹುಲ್ಲು ಕೂಡಿಟ್ಟುಕೊಳ್ಳುವುದು ನಮ್ಮ ಮಲೆನಾಡಿನ ವಾಡಿಕೆ. ಊರಿನ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾದ ಮೇಲೆ ನಾವು ಹುಲ್ಲಿಗೆ ಬಯಲುಸೀಮೆಯನ್ನೇ ನೆಚ್ಚಬೇಕಾಗಿದೆ. 2023ರ ಮೇ ತಿಂಗಳಲ್ಲಿ ನಾನು ಸಿಂಧನೂರಿಗೆ ಹೋದದ್ದು ಅದಕ್ಕಾಗಿಯೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಬೇಸಿಗೆ ಭತ್ತದ ಕಟಾವು ಮುಗಿದು, ಗದ್ದೆಯ ತುಂಬ ಯಂತ್ರ ಸುತ್ತಿದ ಹುಲ್ಲಿನ ಸುರುಳಿಗಳು ಬಿದ್ದಿದ್ದವು. ಮಗಳು ಬ್ಯಾಂಕಿನ ಕೆಲಸದ ಮೇಲೆ ಲಿಂಗಸುಗೂರಿನಲ್ಲಿದ್ದಾಳೆ. ಹುಲ್ಲಿನ ಲಾರಿಯನ್ನು ಊರಿಗೆ ಕಳಿಸಿ, ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗಿ ಎರಡು ವಾರ ಇದ್ದು ಬರುವುದೆಂದು ಎಣಿಸಿದ್ದೆ. ನಮ್ಮ ಮನೆಯಾಕೆ ಮೊದಲೇ ಅಲ್ಲಿಗೆ ಹೋಗಿದ್ದಳು.

ಹಿಂದಿನ ರಾತ್ರಿ ಗಾಳಿಯೊಡನೆ ಒಂದು ದೊಡ್ಡ ಮಳೆ ಹೊಡೆದಿತ್ತು. ಆಳುಗಳು ಬಣವೆಯ ಬುಡದ ಹುಲ್ಲು ಎತ್ತುವಾಗ ಮೂರು ಬೆಕ್ಕಿನ ಮರಿಗಳು ಸಿಕ್ಕವು. ಒಂದು ಆಗಲೇ ಸತ್ತಿತ್ತು. ಉಳಿದೆರಡು ಒದ್ದೆಯಾಗಿ, ಬಾಯಿ ತೆರೆದರೂ ದನಿ ಹೊರಡದ ಸ್ಥಿತಿಯಲ್ಲಿದ್ದವು. ಗದ್ದೆಯ ಯಜಮಾನರು, “ತಾಯಿ ನಿನ್ನೆ ಟ್ರ್ಯಾಕ್ಟರಿಗೆ ಸಿಕ್ಕು ಹೋತ್ರಿ. ಇವು ಉಳಿಯಂಗಿಲ್ಲ, ಬಿಡ್ರಿ ಸಾವ್ಕಾರ್ರ” ಎಂದರು.

ಇಲ್ಲೊಂದು ಮಾತು ಹೇಳಬೇಕು. ಮರಿಗಳು ಒಂಟಿಯಾಗಿ ಕಂಡೊಡನೆ ಎತ್ತಿಕೊಂಡು ಬರತಕ್ಕದ್ದಲ್ಲ. ಮೈ ಒಣಗಿದ್ದು, ಹೊಟ್ಟೆ ತುಂಬಿದ್ದು, ಸುಮ್ಮನೆ ಮಲಗಿದ್ದರೆ ತಾಯಿ ಬೇಟೆಗೆ ಹೋಗಿದೆಯೆಂದೇ ಅರ್ಥ. ಕೆಲವು ಗಂಟೆ ದೂರದಿಂದ ಕಾದು ನೋಡಬೇಕು. ತಾಯಿಯ ಹಾಲಿಗೆ, ತಾಯಿಯ ಶಾಖಕ್ಕೆ ಸಮನಾದದ್ದು ನಮ್ಮ ಕೈಯಲ್ಲಿಲ್ಲ. ಸಿಂಧನೂರಿನಲ್ಲಿ ತಾಯಿಯ ಹೆಣವನ್ನು ಕಣ್ಣಾರೆ ಕಂಡದ್ದರಿಂದ ಕಾಯುವ ಪ್ರಶ್ನೆ ಬರಲಿಲ್ಲ. ಎರಡನ್ನೂ ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿಕೊಂಡೆ.

ಪರಿಚಯದವರೊಬ್ಬರ ಕಾರಿನಲ್ಲಿ ಹೊರಟೆವು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಣ್ಣನೆಯ ಏ.ಸಿ. ಮಸ್ಕಿಯಲ್ಲಿ ಚಹಾಕ್ಕೆ ನಿಂತಾಗ ಆ ಸ್ನೇಹಿತರು ಅಶೋಕನ ಶಾಸನದ ಬಂಡೆಯ ವಿಷಯ ತೆಗೆದರು. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಅದನ್ನು ಕಂಡದ್ದು, ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾದದ್ದು, ಎಲ್ಲ ವಿವರಿಸಿದರು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿದ್ದಾಗಿ ಅದೇ ಅರಸ ಗಿರ್ನಾರಿನ ಬಂಡೆಯ ಮೇಲೆ ಬರೆಸಿದ್ದಾನೆ. ನಾನು ಅವರ ಮಾತು ಕೇಳುತ್ತಲೇ ಮಾಡಿದ ಚಿಕಿತ್ಸೆ ಇದು: ಔಷಧದ ಅಂಗಡಿಯಿಂದ ಡ್ರಾಪರ್ ತಂದು, ಚಹಾದಂಗಡಿಯವನಿಂದ ಹಸುವಿನ ಹಾಲು ಕೇಳಿ ಪಡೆದು, ಮರಿಗಳನ್ನು ಕೂಸಿನ ಹಾಗೆ ಅಂಗಾತ ಮಲಗಿಸಿ ಬಾಯಿಗೆ ಬಿಟ್ಟೆ. ಒಂದು ಮರಿ ಬಾಯಿಯನ್ನೇ ತೆರೆಯಲಿಲ್ಲ. ಇನ್ನೊಂದು ಕುಡಿಯಿತು. ಮೂಗಿನಿಂದ ಸ್ವಲ್ಪ ಹಾಲು ಹೊರಗೆ ಬಂತು. ಹೊಟ್ಟೆ ಗುಂಡಗಾದದ್ದನ್ನು ನೋಡಿ, ಇದೇ ಬದುಕುವ ಮರಿ ಎಂದುಕೊಂಡೆ.

ಲಿಂಗಸುಗೂರು ತಲುಪುವ ಹೊತ್ತಿಗೆ ಆ ಗುಂಡು ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಮಗಳ ಮನೆಯ ನಡುಮನೆಯಲ್ಲಿ ರಟ್ಟಿನ ಪೆಟ್ಟಿಗೆಯಿಟ್ಟು ಎರಡನ್ನೂ ಮಲಗಿಸಿದೆವು. ಸೆಖೆಯೆಂದು ರಾತ್ರಿಯಿಡೀ ಕೂಲರ್ ತಿರುಗುತ್ತಿತ್ತು. ಹಾಲು ಕುಡಿದ ಮರಿ ಮೂರು ಗಂಟೆಯ ಸುಮಾರಿಗೆ ಎರಡು ಸಲ ಬಾಯಿ ಬಿಟ್ಟು ಸತ್ತುಹೋಯಿತು. ಕುಡಿಯದ ಮರಿಯನ್ನು ಮನೆಯಾಕೆ ಸೆರಗಿನೊಳಗೆ ಹಾಕಿಕೊಂಡು ಬೆಳಗಿನ ತನಕ ಕುಳಿತಳು. ಅದು ಉಳಿದದ್ದು ಅವಳ ಮೈಯ ಬಿಸಿಯಿಂದ.

ಬೆಳಿಗ್ಗೆ ಪಶುವೈದ್ಯರಲ್ಲಿಗೆ ಒಯ್ದೆವು. ಅವರು ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ ಮೊದಲು ಕೇಳಿದ್ದು, “ನಿನ್ನೆ ಹಾಲು ಹಾಕುವಾಗ ಇದರ ಮೈ ಬೆಚ್ಚಗಿತ್ತೇನ್ರಿ?” ಎಂದು. ಮೇ ತಿಂಗಳ ರಾಯಚೂರು ಸೀಮೆಯಲ್ಲಿ ಚಳಿಯ ಮಾತೇ ಎಂದು ನನಗೆ ಆಶ್ಚರ್ಯವಾಯಿತು. ಅವರು ವಿವರಿಸಿದ್ದು ಹೀಗೆ. ಹುಟ್ಟಿದ ಮೊದಲ ವಾರದಲ್ಲಿ ಮರಿಯ ಮೈಶಾಖ 35ರಿಂದ 37 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ದೊಡ್ಡ ಬೆಕ್ಕಿನದು 38ರಿಂದ 39. ಎಳೆಮರಿಗೆ ತನ್ನ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಮೊದಲ ದಿನಗಳಲ್ಲಿ ನಡುಗಲೂ ಬಾರದು. ಒದ್ದೆಯಾಗಿ ಗಾಳಿಗೆ ಸಿಕ್ಕರೆ ಎಂಥ ಬೇಸಿಗೆಯಲ್ಲೂ ಅದು ತಣ್ಣಗಾಗುತ್ತದೆ. ಮೈಶಾಖ 34ರ ಕೆಳಗಿಳಿದರೆ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹಾಕಿದ ಹಾಲು ಜೀರ್ಣವಾಗದೆ ಒಳಗೇ ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಅಂಗಾತ ಮಲಗಿಸಿ ಬಿಟ್ಟ ಹಾಲು ಶ್ವಾಸಕೋಶಕ್ಕೂ ಇಳಿಯುತ್ತದೆ. ಬಾಯಿ ಮುಚ್ಚಿಕೊಂಡಿದ್ದ ಮರಿಗೆ ನನ್ನ ಉಪಚಾರ ತಗಲದಿದ್ದದ್ದೇ ಅದರ ಪುಣ್ಯ.

ಆದುದರಿಂದ ಮೊದಲು ಶಾಖ, ಆಮೇಲೆ ಹಾಲು. ಒದ್ದೆಯಿದ್ದರೆ ಒರೆಸಿ ಒಣಗಿಸಬೇಕು. ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ, ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಬೇಕು. ಹೆಚ್ಚು ಬಿಸಿಯಾದರೆ ಮರಿ ತೆವಳಿ ಆಚೆ ಹೋಗುವಷ್ಟು ಜಾಗ ಇರಲಿ. ಮೊದಲ ವಾರದಲ್ಲಿ ಗೂಡಿನ ಶಾಖ 30ರಿಂದ 32 ಡಿಗ್ರಿ, ಆಮೇಲೆ ಕ್ರಮೇಣ ಕಡಿಮೆ. ತಣ್ಣಗಾದ ಮರಿಯನ್ನು ಒಲೆಯ ಮುಂದೆ ಹಿಡಿದು ಗಡಿಬಿಡಿಯಲ್ಲಿ ಕಾಯಿಸತಕ್ಕದ್ದಲ್ಲ. ಒಂದೆರಡು ಗಂಟೆಯ ಅವಧಿಯಲ್ಲಿ ನಿಧಾನವಾಗಿ ಬಿಸಿ ಏರಬೇಕು. ಒಸಡಿಗೆ ಎರಡು ತೊಟ್ಟು ಗ್ಲೂಕೋಸ್ ನೀರು ಸವರಬಹುದು. ಬಾಯೊಳಗೆ ಬೆರಳಿಟ್ಟರೆ ಬೆಚ್ಚಗೆನಿಸಿ, ಮರಿ ಚೀಪತೊಡಗಿದಾಗಲೇ ಹಾಲಿನ ಯೋಚನೆ. ವೈದ್ಯರು ನಮ್ಮ ಮರಿಗೆ ಬೆಚ್ಚಗೆ ಮಾಡಿದ ಸಲೈನನ್ನು ಚರ್ಮದ ಕೆಳಗೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅದು ಮೊದಲ ಸಲ ಕೂಗಿತು.

ಕಣ್ಣು ಆಗತಾನೇ ತೆರೆದಿತ್ತು, ಕಿವಿ ಇನ್ನೂ ಮಡಿಸಿಕೊಂಡಿತ್ತು. ಸಾಮಾನ್ಯವಾಗಿ 7ರಿಂದ 10 ದಿನಕ್ಕೆ ಕಣ್ಣು ಬಿಡುತ್ತದೆಯಾದ್ದರಿಂದ ಸುಮಾರು 10 ದಿನದ ಮರಿಯೆಂದು ಲೆಕ್ಕ ಹಾಕಿದರು. ಹುಟ್ಟುವಾಗ ಸುಮಾರು 100 ಗ್ರಾಂ ತೂಗುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಿ ಒಂದು ವಾರದಲ್ಲಿ ಇಮ್ಮಡಿಯಾಗಬೇಕು. ನಮ್ಮದನ್ನು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟಾಗ ಬಂದದ್ದು 142 ಗ್ರಾಂ. ಹಟ್ಟಿಯ ಚಿನ್ನದ ಗಣಿ ಇರುವ ತಾಲ್ಲೂಕು ಇದು. ಅಂಗಡಿಯವರು ನಗುತ್ತ, “ಬಂಗಾರ ತೂಗಿದಂಗ ತೂಗಾಕತ್ತೀರಲ್ರಿ” ಎಂದರು. ಮರುದಿನವೇ ಅಳಿಯ ಅಡುಗೆಮನೆಯ ತಕ್ಕಡಿಯೊಂದನ್ನು ತಂದಿಟ್ಟ. ದಿನಾ ಬೆಳಿಗ್ಗೆ ಹಾಲಿಗೆ ಮೊದಲು, ಒಂದೇ ಹೊತ್ತಿಗೆ ತೂಗಿ ಕ್ಯಾಲೆಂಡರಿನ ಮೇಲೆ ಬರೆಯುವುದು ನನ್ನ ಕೆಲಸವಾಯಿತು. ಕಣ್ಣಂದಾಜು ಇಲ್ಲಿ ಪ್ರಯೋಜನಕ್ಕಿಲ್ಲ. ಉಬ್ಬಿದ ಹೊಟ್ಟೆಯನ್ನು ತುಂಬಿದ ಹೊಟ್ಟೆ ಎಂದುಕೊಂಡ ನನ್ನ ಕಣ್ಣನ್ನು ನಾನೇ ನಂಬುವುದನ್ನು ಬಿಟ್ಟಿದ್ದೆ. ಒಂದು ದಿನವೂ ತೂಕ ಇಳಿಯಬಾರದು. ಇಳಿದರೆ, ಅಥವಾ ಎರಡು ದಿನ ಏರದೆ ನಿಂತರೆ, ವೈದ್ಯರಲ್ಲಿಗೆ ಒಯ್ಯಬೇಕು.

ಹಾಲಿನ ಸಂಗತಿ ಹೆಚ್ಚಿನವರು ತಪ್ಪುವ ಜಾಗ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನು ಹಸುವಿನ ಹಾಲಿನ ಸುಮಾರು ಎರಡು ಪಟ್ಟು, ಕೊಬ್ಬೂ ಹೆಚ್ಚು. ಬರಿಯ ಹಸುವಿನ ಹಾಲಿನಿಂದ ಮರಿಗೆ ಬೇಧಿಯಾಗುತ್ತದೆ, ಮೈ ಹತ್ತುವುದಿಲ್ಲ. ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ ಪೇಟೆಗಳಲ್ಲಿ ಸಿಗುತ್ತದೆ, ರಾಯಚೂರಿನಿಂದ ತರಿಸಿದೆವು. ಅದು ಬರುವ ತನಕ ಒಂದು ದಿನದ ಮಟ್ಟಿಗೆ ಕೆನೆ ತೆಗೆಯದ ಹಾಲಿಗೆ ಮೊಟ್ಟೆಯ ಹಳದಿ ಕದಡಿ ಕೊಡಲು ವೈದ್ಯರು ಹೇಳಿದರು. ಮೊಟ್ಟೆ ಕಾಣದ ಅಡುಗೆಮನೆ ನಮ್ಮದು. ಮನೆಯಾಕೆ ಮೂಗಿಗೆ ಸೆರಗು ಹಿಡಿದುಕೊಂಡೇ ಹಿತ್ತಿಲಲ್ಲಿ ಕದಡಿ ತಂದಳು.

ಕುಡಿಸುವಾಗ ಮರಿ ಬೋರಲಾಗಿ, ತಾಯಿಯ ಮೊಲೆಗೆ ಬಾಯಿಡುವ ಭಂಗಿಯಲ್ಲೇ ಇರಬೇಕು. ಸೂಜಿ ತೆಗೆದ ಸಣ್ಣ ಸಿರಿಂಜಿನಿಂದ ತೊಟ್ಟು ತೊಟ್ಟಾಗಿ, ಅದು ನುಂಗಿದಷ್ಟೇ ಬಿಡಬೇಕು. ಹಾಲು ಮೈಬಿಸಿಯಷ್ಟೇ ಬೆಚ್ಚಗಿರಲಿ. ದಿನವೊಂದಕ್ಕೆ 100 ಗ್ರಾಂ ತೂಕಕ್ಕೆ ಸುಮಾರು 20 ಮಿಲಿಲೀಟರ್, ಒಂದು ಸಲಕ್ಕೆ 4ರಿಂದ 5 ಮಿಲಿಲೀಟರ್ ಮೀರದಂತೆ. ಮೊದಲ ವಾರದ ಮರಿಗೆ 2–3 ಗಂಟೆಗೊಮ್ಮೆ, ಎರಡನೆಯ ವಾರದಲ್ಲಿ 3–4 ಗಂಟೆಗೊಮ್ಮೆ, ರಾತ್ರಿಯೂ ಸಹ. ನಮ್ಮದು ಬಡಕಲು ಮರಿಯಾದ್ದರಿಂದ ಮೂರು ಗಂಟೆಗೊಮ್ಮೆ ಎದ್ದೆವು. ತೋಟಕ್ಕೆ ನೀರು ಬಿಡಲು ಕರೆಂಟಿಗಾಗಿ ರಾತ್ರಿ ಏಳುವ ಅಭ್ಯಾಸವಿದ್ದ ನನಗೆ ಅದು ಅಷ್ಟೇನೂ ಕಷ್ಟವೆನಿಸಲಿಲ್ಲ.

ಇನ್ನೊಂದು ವಿಷಯ ನನಗೆ ಪೂರ್ತಿ ಹೊಸದು. ಮೂರು ವಾರದೊಳಗಿನ ಮರಿಗೆ ತಾನಾಗಿ ಮಲಮೂತ್ರ ಮಾಡಲು ಬಾರದು. ತಾಯಿ ನೆಕ್ಕಿ ಮಾಡಿಸುತ್ತದೆ. ನಾವು ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪ್ರತಿ ಸಲ ಹಾಲಿನ ಹೊತ್ತಿಗೆ ಮೆಲ್ಲಗೆ ಸವರಬೇಕು. ಮೂತ್ರ ತಿಳಿ ಹಳದಿಯಿದ್ದರೆ ಸರಿ. ಗಾಢವಾಗಿದ್ದರೆ ಮೈಯಲ್ಲಿ ನೀರು ಸಾಲದೆಂದು ಅರ್ಥ.

ಕ್ಯಾಲೆಂಡರಿನ ಲೆಕ್ಕ ಹೀಗಿತ್ತು: 142, 139, 147, 158. ಎರಡನೆಯ ದಿನದ ಇಳಿತಕ್ಕೆ ಮತ್ತೆ ವೈದ್ಯರಲ್ಲಿಗೆ ಓಡಿದೆವು, ಇನ್ನೊಮ್ಮೆ ಸಲೈನ್ ಕೊಟ್ಟರು. ಐದನೆಯ ದಿನ ಮತ್ತೆ 158, ಜೊತೆಗೆ ನೀರಿನಂಥ ಬೇಧಿ. ವಿಚಾರಿಸಿದಾಗ ಏಳು ವರ್ಷದ ಮೊಮ್ಮಗ ಕನಿಕರದಿಂದ ನಡುವೆ ಎರಡು ಸಲ ಹೆಚ್ಚು ಕುಡಿಸಿದ್ದು ಹೊರಬಿತ್ತು. ಬೈಯಲು ನನಗೇನು ಯೋಗ್ಯತೆ? ವೈದ್ಯರ ಸಲಹೆಯಂತೆ ಹಾಲನ್ನು ತೆಳುವಾಗಿಸಿ ಪ್ರಮಾಣ ಇಳಿಸಿದೆವು. ಆರನೆಯ ದಿನ 167, ಹನ್ನೆರಡನೆಯ ದಿನ 246.

ಚಿಗಟದ ವಿಷಯದಲ್ಲಿ ತೋಟದವರು ವಿಶೇಷ ಎಚ್ಚರ ವಹಿಸಬೇಕು. ಚಿಗಟ ತುಂಬಿದ ಎಳೆಮರಿ ರಕ್ತವಿಲ್ಲದೆ ಬಿಳಿಚಿ ಸಾಯುವುದುಂಟು. ಹಾಗೆಂದು ಶೆಡ್ಡಿನಲ್ಲಿರುವ ಕೀಟನಾಶಕವನ್ನಾಗಲಿ, ನಾಯಿಗೆ ಹಾಕುವ ಪುಡಿಯನ್ನಾಗಲಿ ಮುಟ್ಟಬೇಡಿ. ನಾಯಿ ತಡೆಯುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಹೇನಿನ ಬಾಚಣಿಗೆಯಿಂದ ಬಾಚಿ, ಚಿಗಟಗಳನ್ನು ಸೋಪಿನ ನೀರಿಗೆ ಹಾಕುವುದೇ ಸರಿಯಾದ ದಾರಿ. ಗೂಡು ತೊಳೆಯಲು ಫಿನಾಯಿಲು, ಜ್ವರಕ್ಕೆ ಪ್ಯಾರಾಸಿಟಮಾಲ್, ಎರಡೂ ಬೆಕ್ಕಿಗೆ ಮಾರಕ. ನಮ್ಮ ಅಡಿಕೆಯಲ್ಲಿರುವ ಅರೆಕೋಲಿನನ್ನು ಹಿಂದೆ ನಾಯಿಗಳ ಲಾಡಿಹುಳುವಿಗೆ ಕೊಡುತ್ತಿದ್ದರು. ಅದನ್ನು ನೆನಪಿಟ್ಟುಕೊಂಡವರು ಬೆಕ್ಕಿನ ಮೇಲೆ ಪ್ರಯೋಗಿಸುವುದು ಬೇಡ, ಅದಕ್ಕೆ ತಡೆಯದು. ಕಾಫಿ ಗಷ್ಟೂ ಬಾಯಿಗೆ ಎಟಕದಿರಲಿ.

ಹೊರಡುವ ಮುನ್ನ ವೈದ್ಯರು ಮುಂದಿನದನ್ನು ಚೀಟಿಯಲ್ಲಿ ಬರೆದುಕೊಟ್ಟರು. ಜಂತುಹುಳುವಿನ ಔಷಧ ತೂಕ ನೋಡಿ ಅವರೇ ಹೇಳಿದಷ್ಟು. ನಾಲ್ಕು ವಾರದ ಸುಮಾರಿಗೆ ಮೆತ್ತಗಿನ ಆಹಾರದ ರೂಢಿ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ನಾಲ್ಕರಿಂದ ಆರು ತಿಂಗಳಲ್ಲಿ ಸಂತಾನಹರಣ ಚಿಕಿತ್ಸೆ. ಮರಿ ಕಚ್ಚಿದರೆ, ಪರಚಿದರೆ, ಎಷ್ಟೇ ಚಿಕ್ಕದಾದರೂ ಸೋಪಿನ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕೆಂದು ಮೊಮ್ಮಗನನ್ನು ನೋಡುತ್ತ ಎರಡು ಸಲ ಹೇಳಿದರು.

ಹದಿಮೂರನೆಯ ದಿನ ಅದೇ ಸ್ನೇಹಿತರ ಕಾರಿನಲ್ಲಿ ಊರಿಗೆ ಹೊರಟೆವು. ಏ.ಸಿ. ಹಾಕಲು ಮನೆಯಾಕೆ ಬಿಡಲಿಲ್ಲ. ಮಸ್ಕಿಯಲ್ಲಿ ಬಾಟಲಿಗೆ ಬಿಸಿನೀರು ಬೇಕಾಗಿ ಅದೇ ಚಹಾದಂಗಡಿಯ ಮುಂದೆ ನಿಂತೆವು. ಅವನಿಗೆ ಗುರುತು ಸಿಕ್ಕಿತು. ಪೆಟ್ಟಿಗೆಯೊಳಗೆ ಇಣುಕಿ, “ಅವತ್ತು ಹಾಲು ಕುಡದಿತ್ತಲ್ರಿ, ಅದೆಲ್ಲೈತ್ರಿ?” ಎಂದ. ಸತ್ತುಹೋಯಿತು ಎಂದೆ. ಅವನು ಇನ್ನೇನೂ ಕೇಳದೆ ಬಾಟಲಿ ತುಂಬಿಸಿ, ಬಟ್ಟೆಯನ್ನು ತಾನೇ ಸುತ್ತಿ ಕೊಟ್ಟ. ಸಿಂಧನೂರು ದಾಟುವಾಗ ಮರಿಗೆ ಮುಂದಿನ ಹಾಲಿನ ಹೊತ್ತಾಗಿತ್ತು.