ಡೇಟಾಬೇಸ್‌ನಲ್ಲಿ ದೋಷವಿದೆ, ಲಿಂಕ್ ಒತ್ತಿ ಸರಿಪಡಿಸಿಕೊಳ್ಳಿ: ಇದು ಆಗುವ ಮಾತೇ?

"ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಭಾರಿ ದೋಷ ಪತ್ತೆ! ನಿಮ್ಮ ದಾಖಲೆ ಅಳಿಸಿಹೋಗುವ ಮೊದಲು ಈ ಲಿಂಕ್ ಒತ್ತಿ ಅಪ್‌ಡೇಟ್ ಮಾಡಿಕೊಳ್ಳಿ." ಇಂಥ ಸಂದೇಶ ವಾಟ್ಸಾಪ್‌ಗೆ ಬಂದರೆ ಅದರ ಮೊದಲರ್ಧ ನಿಜವಿರಬಹುದು, ಉಳಿದರ್ಧ ಸುಳ್ಳು. ಏಕೆಂದು ತಿಳಿಯಲು 2024ರ ಫೆಬ್ರವರಿಯಲ್ಲಿ ಹೊರಬಿದ್ದ ನಿಜವಾದ ದೋಷವೊಂದನ್ನೇ ನೋಡೋಣ.

ನವಲಗುಂದ ತಾಲ್ಲೂಕಿನ ಮೊರಬದಲ್ಲಿ ಕುಳಿತು ನೀವು ಮೊಬೈಲ್‌ನಲ್ಲಿ ಹೊಲದ ಉತಾರ, ಅಂದರೆ ಪಹಣಿ, ನೋಡುತ್ತಿದ್ದೀರಿ ಎಂದುಕೊಳ್ಳಿ. ಸರ್ವೆ ನಂಬರ್ ಹಾಕುತ್ತೀರಿ. ದಾಖಲೆ ಇರುವುದು ನಿಮ್ಮ ಫೋನಿನಲ್ಲಲ್ಲ, ದೂರದ ಸರ್ವರ್‌ನ ಡೇಟಾಬೇಸ್‌ನಲ್ಲಿ. ವೆಬ್‌ಸೈಟಿಗೂ ಡೇಟಾಬೇಸ್‌ಗೂ ನಡುವೆ ಓಡಾಡುವ ಸಾಫ್ಟ್‌ವೇರ್‌ಗೆ ಡ್ರೈವರ್ ಎನ್ನುತ್ತಾರೆ. ಅದರ ಕೆಲಸ ತಲಾಟಿ ಕಚೇರಿಯ ಅರ್ಜಿ ನಮೂನೆಯಂತೆ: ವಾಕ್ಯ ಮೊದಲೇ ಅಚ್ಚಾಗಿರುತ್ತದೆ, ಖಾಲಿ ಜಾಗದಲ್ಲಿ ನೀವು ಕೊಟ್ಟದ್ದನ್ನಷ್ಟೇ ತುಂಬಬೇಕು. ನೀವು ಬರೆದದ್ದು ಬರೀ ಮಾಹಿತಿ, ಆಜ್ಞೆಯಲ್ಲ. (ಭೂಮಿ ಪೋರ್ಟಲ್‌ನಲ್ಲಿ ಈ ದೋಷ ಇತ್ತೆಂದು ನಾವು ಹೇಳುತ್ತಿಲ್ಲ. ಉತಾರ ಇಲ್ಲಿ ಉದಾಹರಣೆ ಮಾತ್ರ.)

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಜಾವಾ ಪ್ರೋಗ್ರಾಂಗಳನ್ನು ಜೋಡಿಸುವ ಡ್ರೈವರ್‌ನಲ್ಲಿ ಈ ನಿಯಮ ಮುರಿದದ್ದು ಒಂದು ಪುಟ್ಟ ಗೆರೆಯಿಂದ. ಡೇಟಾಬೇಸ್‌ನ ಭಾಷೆಯಲ್ಲಿ ಎರಡು ಗೆರೆ ಒಟ್ಟಿಗೆ ಬಂದರೆ, ಅಂದರೆ -- ಎಂದಿದ್ದರೆ, ಆ ಸಾಲಿನ ಮುಂದಿನದನ್ನು ಓದಬೇಡ ಎಂದರ್ಥ. ಬಾಕಿಯಿಂದ ಕಟ್ಟಿದ ಹಣ ಕಳೆಯುವ ಲೆಕ್ಕದ ನಮೂನೆ ಇದೆ ಅನ್ನಿ. ಅಲ್ಲಿ ಖಾಲಿ ಜಾಗಕ್ಕೆ ಅಂಟಿಕೊಂಡೇ ಹಿಂದೆ ಕಳೆಯುವ ಚಿಹ್ನೆ ಇದೆ. ಯಾರೋ 5ರ ಬದಲು -5 ತುಂಬಿದರು. ಎರಡೂ ಕೂಡಿ --5 ಆಯಿತು! ಸಾಲಿನ ಉಳಿದ ಭಾಗವನ್ನು ಡೇಟಾಬೇಸ್ ಓದುವುದಿಲ್ಲ. ಅದೇ ಸಾಲಿನ ಮುಂದಿನ ಖಾಲಿ ಜಾಗಕ್ಕೆ ಬೇಲಿಯಂತಿದ್ದ ಉದ್ಧರಣ ಚಿಹ್ನೆಯೂ ಅದರ ಕಣ್ಣಿಗೆ ಬೀಳುವುದಿಲ್ಲ. ಆ ಜಾಗದಲ್ಲಿ ಕಿಡಿಗೇಡಿ ಹೊಸ ಸಾಲು ಶುರುಮಾಡಿ ಬರೆದದ್ದೆಲ್ಲ ಆಜ್ಞೆಯಾಗಿ ನಡೆಯುತ್ತದೆ. ದಾಖಲೆ ಓದಬಹುದು, ತಿದ್ದಬಹುದು, ಅಳಿಸಲೂಬಹುದು. ತೀವ್ರತೆಯಲ್ಲಿ ಇದಕ್ಕೆ ಸಿಕ್ಕಿದ್ದು 10ಕ್ಕೆ 10.

ಆದರೆ ಡ್ರೈವರ್ ಸಾಮಾನ್ಯವಾಗಿ ಆಜ್ಞೆಯನ್ನೂ ಮಾಹಿತಿಯನ್ನೂ ಬೇರೆಬೇರೆಯಾಗಿಯೇ ಕಳಿಸುತ್ತದೆ. ಆಗ ಈ ದೋಷ ತಾಗುವುದಿಲ್ಲ. 'ಸಿಂಪಲ್' ಎಂಬ ವಿಧಾನವನ್ನು ಬೇಕೆಂದೇ ಆರಿಸಿಕೊಂಡ ಕಡೆ ಮಾತ್ರ ಅಪಾಯ. 42.7.2 ಆವೃತ್ತಿಯಲ್ಲಿ ದೋಷ ಸರಿಪಡಿಸಿದರು, ಹಳೆಯ ಸರಣಿಗಳಿಗೂ ಪರಿಹಾರ ಕೊಟ್ಟರು. ಅದನ್ನು ಹಾಕಬೇಕಾದವರು ಸರ್ವರ್ ನೋಡಿಕೊಳ್ಳುವವರು. ನಿಮ್ಮ ಫೋನಿನಲ್ಲಿ ಆ ಡ್ರೈವರೇ ಇಲ್ಲದ ಮೇಲೆ ಲಿಂಕ್ ಒತ್ತಿ ಅಪ್‌ಡೇಟ್ ಮಾಡುವುದು ಏನನ್ನು?

ಸೈಟ್ ತೆರೆಯಲಿಲ್ಲವೆಂದರೆ ದಾಖಲೆ ಕದ್ದಿದ್ದಾರೆ ಎಂದೂ ಅಲ್ಲ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಕುಂಟಿದ್ದು ಬೇರೆಯೇ ಬಗೆಯ ದಾಳಿಯಿಂದ. ನಕಲಿ ಖಾತೆಗಳಿಂದ ಲೆಕ್ಕವಿಲ್ಲದಷ್ಟು ಕೋರಿಕೆ ಸುರಿದು ಸರ್ವರ್‌ಗೆ ಉಸಿರುಗಟ್ಟಿಸಿದ್ದರು.

ಆದ್ದರಿಂದ ಫಾರ್ವರ್ಡ್‌ನಲ್ಲಿ ಬಂದ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಬೇಡಿ. ಎಸ್‌ಎಂಎಸ್ ಓದುವ ಅನುಮತಿ ಸಿಕ್ಕರೆ ಅದು ಬ್ಯಾಂಕಿನ ಓಟಿಪಿಯನ್ನೂ ಓದುತ್ತದೆ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಉತಾರದ ಬಗ್ಗೆಯೇ ಅನುಮಾನವಿದ್ದರೆ ಭೂಮಿ ಪೋರ್ಟಲ್‌ನ ವಿಳಾಸ ನೀವೇ ಟೈಪ್ ಮಾಡಿ ನೋಡಿ. ಇಲ್ಲವೇ ನಾಡಕಚೇರಿಯಲ್ಲಿ ಹೊಸ ಪ್ರತಿ ತೆಗೆಸಿ, ಮನೆಯಲ್ಲಿರುವ ಹಳೆಯ ಉತಾರದ ಜೊತೆ ಹೆಸರು, ಕ್ಷೇತ್ರ ಎರಡನ್ನೂ ತಾಳೆ ನೋಡಿ.