ಹಬೆಬಾವಿ ಇಲ್ಲದ ಜಿಲ್ಲೆಯಲ್ಲಿ ಭೂಶಾಖ ಶಕ್ತಿಯ ಪಾಠ

ನವೀಕರಿಸಬಹುದಾದ ಶಕ್ತಿಮೂಲಗಳ ಘಟಕಕ್ಕೆ ಪಾಠಯೋಜನೆ ಬರೆಯುವ ಪ್ರಶಿಕ್ಷಣಾರ್ಥಿಗಳಿಗೆ ಸೌರಶಕ್ತಿ, ಪವನಶಕ್ತಿ, ಜಲಶಕ್ತಿಗಳಿಗೆ ಉದಾಹರಣೆ ಸುಲಭವಾಗಿ ಸಿಗುತ್ತದೆ. ಭೂಶಾಖ ಶಕ್ತಿಗೆ ಬಂದಾಗ ಮಾತ್ರ ಒಂದು ವ್ಯಾಖ್ಯೆ, ಒಂದು ಚಿತ್ರಪಟ, ಎರಡು ಊರಿನ ಹೆಸರು ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಶಿವಮೊಗ್ಗ, ಭದ್ರಾವತಿಗಳ ಆಸುಪಾಸಿನಲ್ಲಿ ನೆಲದಿಂದ ಹಬೆ ಏಳುವ ಸ್ಥಳವಿಲ್ಲ, ನಿಜ. ಆದರೆ ಏಕೆ ಇಲ್ಲ ಎಂಬ ಪ್ರಶ್ನೆಯಿಂದಲೇ ಪಾಠವನ್ನು ಆರಂಭಿಸಬಹುದು.

ಭೂಮಿಯ ಒಳಕ್ಕೆ ಇಳಿದಂತೆ ಉಷ್ಣತೆ ಏರುತ್ತದೆ. ಪ್ರಪಂಚದ ಹೆಚ್ಚಿನ ಕಡೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್. ನಮ್ಮ ಕಾಲಡಿಯ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಇಲ್ಲಿ ಜೀವಂತ ಜ್ವಾಲಾಮುಖಿಯಿಲ್ಲ, ಶಿಲಾಪಾಕ ಮೇಲಕ್ಕೆ ನುಗ್ಗಿ ಬರುವ ಬಿರುಕುಗಳಿಲ್ಲ. ಆದ್ದರಿಂದ ಉಷ್ಣತೆಯ ಏರಿಕೆ ಇನ್ನೂ ನಿಧಾನ. ಇದಕ್ಕೆ ಮಕ್ಕಳಿಗೆ ಮನದಟ್ಟಾಗುವ ಸಾಕ್ಷಿ ಕೋಲಾರದ ಚಿನ್ನದ ಗಣಿ. 2001ರಲ್ಲಿ ಮುಚ್ಚುವ ವೇಳೆಗೆ ಅದು 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಲ್ಲಿ ತಂಪುಗಾಳಿ ಊದದೆ ಕೆಲಸ ಸಾಧ್ಯವಿರಲಿಲ್ಲ. ಆದರೂ ಬಂಡೆಯ ಉಷ್ಣತೆ ನೀರು ಕುದಿಯುವ ಮಟ್ಟಕ್ಕಿಂತ ಬಹಳ ಕೆಳಗೇ ಇತ್ತು. ಅಷ್ಟು ಆಳಕ್ಕೆ ಹೋದರೂ ಹಬೆ ಸಿಗದ ನೆಲ ನಮ್ಮದು.

ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥವೆಂಬ ಬಿಸಿನೀರಿನ ಬುಗ್ಗೆಯಿದೆಯಲ್ಲ ಎಂದು ಯಾರಾದರೂ ಕೇಳಬಹುದು, ಕೇಳಲಿ. ಅದರ ನೀರು ಮೈಬಿಸಿಯ ಆಸುಪಾಸಿನದು. ಸ್ನಾನಕ್ಕೆ ಸಾಕು, ಟರ್ಬೈನ್ ತಿರುಗಿಸಲು ಸಾಲದು. ಬಿಸಿನೀರಿಗೂ ಒತ್ತಡದ ಹಬೆಗೂ ಇರುವ ವ್ಯತ್ಯಾಸ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಹಬೆ ನಿಜವಾಗಿ ಸಿಗುವ ಕಡೆ ಏನು ಮಾಡುತ್ತಾರೆ? ಬಿಸಿಬಂಡೆಯ ನಡುವೆ ಸಿಕ್ಕಿಕೊಂಡ ನೀರಿನತನಕ ಕೊಳವೆಬಾವಿ ಕೊರೆದು, ಮೇಲೆ ಬರುವ ಹಬೆಯನ್ನು ಟರ್ಬೈನಿಗೆ ಹಾಯಿಸುತ್ತಾರೆ. ಇಟಲಿಯ ಲಾರ್ಡೆರೆಲ್ಲೋ ಎಂಬಲ್ಲಿ 1904ರಲ್ಲಿ ಪಿಯೆರೋ ಜಿನೋರಿ ಕೊಂಟಿ ಇಂಥ ಹಬೆಯಿಂದ ಐದು ಬಲ್ಬು ಉರಿಸಿ ತೋರಿಸಿದರು. 1913ರಲ್ಲಿ ಅಲ್ಲಿಯೇ ವಿದ್ಯುದಾಗಾರ ಬಂತು. ನಮ್ಮ ದೇಶದಲ್ಲಿ ಹೆಚ್ಚು ಭರವಸೆಯ ಜಾಗ ಲಡಾಖಿನ ಪುಗಾ ಕಣಿವೆ. ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದ ಆ ಕಣಿವೆಯಲ್ಲಿ 1 ಮೆಗಾವಾಟಿನ ಪ್ರಾಯೋಗಿಕ ಘಟಕಕ್ಕಾಗಿ 2021ರ ಫೆಬ್ರವರಿಯಲ್ಲಿ ಓಎನ್‌ಜಿಸಿಯ ಜೊತೆ ಒಪ್ಪಂದವಾಯಿತು.

ಅಲ್ಲಿಗೆ ನಮ್ಮ ಶಾಲೆಯ ಮಕ್ಕಳನ್ನು ಕರೆದೊಯ್ಯಲಾಗದು. ಕ್ಷೇತ್ರಭೇಟಿಗೆ ಭದ್ರಾ ಜಲಾಶಯ ಸಾಕು. ಬಿ.ಆರ್.ಪಿ.ಯ ಕಡೆಯಿಂದ ಹೋದರೆ ಅಣೆಕಟ್ಟೆ, ನಾಲೆ ಎರಡೂ ಕಾಣುತ್ತವೆ; ಅಲ್ಲಿನ ವಿದ್ಯುದಾಗಾರಗಳ ಒಟ್ಟು ಸಾಮರ್ಥ್ಯ 39.2 ಮೆಗಾವಾಟ್. ಒಳಕ್ಕೆ ಹೋಗಲು ಮೊದಲೇ ಪತ್ರ ಬರೆದು ಅನುಮತಿ ಪಡೆಯಬೇಕು. ಸಿಗದಿದ್ದರೂ ಪಾಠ ಕೆಡುವುದಿಲ್ಲ. ಟರ್ಬೈನನ್ನು ತಳ್ಳುವುದು ಇಲ್ಲಿ ನೀರು, ಲಾರ್ಡೆರೆಲ್ಲೋದಲ್ಲಿ ನೆಲದ ಹಬೆ, ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಮಾಡಿದ ಹಬೆ. ತಿರುಗುವ ಟರ್ಬೈನ್, ಅದಕ್ಕೆ ಜೋಡಿಸಿದ ಜನರೇಟರ್ ಎಲ್ಲ ಕಡೆಯೂ ಇರುತ್ತವೆ. ಈ ಒಂದು ಅಂಶವನ್ನು ಮಕ್ಕಳು ತಾವಾಗಿಯೇ ಹೇಳಿದರೆ ಭೇಟಿಯ ಅರ್ಧ ಉದ್ದೇಶ ಈಡೇರಿದಂತೆ.

ಉಳಿದರ್ಧ ಕಷ್ಟದ್ದು. ‘ನವೀಕರಿಸಬಹುದಾದದ್ದು ಎಂದರೆ ಮುಗಿಯದ್ದು’ ಎಂದು ಬಹುತೇಕ ಮಕ್ಕಳು ಬರೆಯುತ್ತಾರೆ, ನಾವೂ ಅಂಕ ಕೊಡುತ್ತೇವೆ. ಈ ಉತ್ತರ ಸರಿಯಲ್ಲ. ಕ್ಯಾಲಿಫೋರ್ನಿಯಾದ ‘ದಿ ಗೀಸರ್ಸ್’ ಜಗತ್ತಿನ ದೊಡ್ಡ ಭೂಶಾಖ ಕ್ಷೇತ್ರ. 1980ರ ದಶಕದ ಕೊನೆಗೆ ಅಲ್ಲಿ ಹಬೆಯ ಒತ್ತಡ ಇಳಿಯತೊಡಗಿತು. ಬಂಡೆಯ ಬಿಸಿ ಮುಗಿದಿರಲಿಲ್ಲ. ಮೇಲಕ್ಕೆ ತೆಗೆದ ಹಬೆಯಷ್ಟು ನೀರು ಒಳಕ್ಕೆ ಹಿಂತಿರುಗುತ್ತಿರಲಿಲ್ಲ. 1997ರಿಂದ ಸಮೀಪದ ಊರುಗಳ ಶುದ್ಧೀಕರಿಸಿದ ಕೊಳಚೆನೀರನ್ನು ಕೊಳವೆಯಲ್ಲಿ ತಂದು ನೆಲದೊಳಕ್ಕೆ ಬಿಡತೊಡಗಿದ ಮೇಲೆ ಇಳಿಕೆಗೆ ತಡೆ ಬಿತ್ತು. ತೆಗೆಯುವ ವೇಗ, ತುಂಬುವ ವೇಗ: ಇವೆರಡನ್ನು ಹೋಲಿಸದೆ ನವೀಕರಣದ ಮಾತಿಗೆ ಅರ್ಥವಿಲ್ಲ.

ಇದನ್ನು ಊರಿನ ಚರಿತ್ರೆಯಲ್ಲೇ ತೋರಿಸಬಹುದಾದ ಭಾಗ್ಯ ಭದ್ರಾವತಿಗಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಗೆ ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ, ಆದ್ದರಿಂದ ಕುಲುಮೆಗೆ ಮಲೆನಾಡಿನ ಮರ ಸುಟ್ಟ ಇದ್ದಿಲನ್ನೇ ಬಳಸಿದರು. ಪುಸ್ತಕದ ಪಟ್ಟಿಯಂತೆ ಸೌದೆ ನವೀಕರಿಸಬಹುದಾದ ಇಂಧನ. ಆದರೆ ಒಂದು ಮರ ಬೆಳೆಯಲು ಹತ್ತಾರು ವರ್ಷ, ಕುಲುಮೆ ಅದನ್ನು ನುಂಗಲು ಕೆಲವು ಗಂಟೆ. 1948ರಲ್ಲಿ ಜೋಗದ ವಿದ್ಯುತ್ ಹರಿಯತೊಡಗಿದ ಮೇಲೆ, 1950ರ ದಶಕದಲ್ಲಿ ಇಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಆ ವಿದ್ಯುತ್ತೂ ಮಳೆಯ ಲೆಕ್ಕಕ್ಕೆ ಸೇರಿದ್ದು: ಲಿಂಗನಮಕ್ಕಿ 1,819 ಅಡಿ ಮುಟ್ಟದ ವರ್ಷ ಮನೆಯ ದೊಡ್ಡವರ ಬಾಯಲ್ಲಿ ಏನು ಮಾತು ಬರುತ್ತದೆ ಎಂದು ಕೇಳಿ ನೋಡಿ, ಮಕ್ಕಳು ಕೂಡಲೇ ಹೇಳುತ್ತಾರೆ.

ಕಾರ್ಖಾನೆಯ ವಿಷಯ ಎತ್ತುವಾಗ ಒಂದು ಎಚ್ಚರ ಬೇಕು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ತತ್ತರಿಸಿದ ಮನೆಗಳ ಮಕ್ಕಳು ನಿಮ್ಮ ತರಗತಿಯಲ್ಲಿಯೇ ಇರಬಹುದು. ‘ಕಾಡು ತಿಂದ ಕಾರ್ಖಾನೆ’ ಎಂಬಂಥ ಮಾತು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ. ಆ ಕಾಲಕ್ಕೆ ಕೈಗೆ ಸಿಕ್ಕ ಇಂಧನ ಯಾವುದು, ಅದು ಎಷ್ಟು ದಿನ ಬರುತ್ತಿತ್ತು ಎಂದು ಕೇಳಿದರೆ ಸಾಕು. ಕುಲುಮೆಯ ಕೆಲಸ ಬಲ್ಲ ಅಜ್ಜಂದಿರು ಸಿಕ್ಕರೆ ಅರ್ಧ ಗಂಟೆ ಮಾತನಾಡಿಸಿ. ನಮ್ಮ ಪವರ್‌ಪಾಯಿಂಟಿಗಿಂತ ಅದು ಮೇಲು.

ಹಬೆಯ ಬಲ ತೋರಿಸಲು ಕುಕ್ಕರ್ ಬಳಸುವ ರೂಢಿಯಿದೆ. ತರಗತಿಯಲ್ಲಿ ಅದು ಬೇಡ. ಮೂತಿಯುಳ್ಳ ಕೆಟಲಿನ ಎದುರು ತಗಡಿನ ಗಿರಗಟ್ಟೆಯನ್ನು ಉದ್ದ ಕಡ್ಡಿಗೆ ಸಿಕ್ಕಿಸಿ ಶಿಕ್ಷಕರೇ ಹಿಡಿಯಲಿ, ಮಕ್ಕಳು ದೂರದಿಂದ ನೋಡಲಿ. ಗಿರಗಟ್ಟೆ ತಿರುಗುತ್ತಿರುವಾಗಲೇ ಒಲೆ ಆರಿಸಿ, ಅದು ನಿಲ್ಲುವತನಕ ಸುಮ್ಮನಿದ್ದು ಕೇಳಿ: ನಿಂತದ್ದೇಕೆ? ನೀರು ಇನ್ನೂ ಇದೆಯಲ್ಲ? ಮತ್ತೆ ಒಲೆ ಹಚ್ಚಿ, ಈ ಸಲ ನೀರು ತೀರಾ ಕಡಿಮೆ ಉಳಿಯುವತನಕ ಬಿಟ್ಟು, ಕೆಟಲು ಒಣಗುವ ಮೊದಲೇ ಒಲೆ ಆರಿಸಿ ಇನ್ನೊಂದು ಪ್ರಶ್ನೆ ಹಾಕಿ: ಹೀಗೇ ಉರಿಸುತ್ತ ಹೋದರೆ ಮೊದಲು ಮುಗಿಯುವುದು ಯಾವುದು, ಬಿಸಿಯೋ ನೀರೋ? ಗೀಸರ್ಸಿನ ಕತೆಯನ್ನು ಇದರ ನಂತರ ಹೇಳಿದರೆ, ಕೊಳಚೆನೀರನ್ನು ನೆಲದೊಳಕ್ಕೆ ಬಿಟ್ಟದ್ದೇಕೆಂದು ಮಕ್ಕಳೇ ಹೇಳುತ್ತಾರೆ.