ಬಜ್ಪೆಯಿಂದ ದುಬೈ: ದೂರ ಎಷ್ಟು, ಹೊತ್ತು ಎಷ್ಟು?

ಅಜೆಕಾರು, ಕಾರ್ಕಳ, ಕಾಪು ಕಡೆಯ ಎಷ್ಟೋ ಮನೆಗಳವರು ಗಲ್ಫಿನಲ್ಲಿ ದುಡಿಯುತ್ತಾರೆ. ಮೊದಲೆಲ್ಲ ಅಲ್ಲಿಗೆ ಹೊರಟವರು ಮುಂಬಯಿಗೆ ಹೋಗಿ ವಿಮಾನ ಏರುತ್ತಿದ್ದರು. 2006ರಲ್ಲಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದಲೇ ದುಬೈಗೆ ನೇರ ವಿಮಾನ ಶುರುವಾಯಿತು. ಆದರೂ ದುಬೈ ಎಷ್ಟು ಹೊತ್ತಿನ ದಾರಿ ಎಂದರೆ ಉತ್ತರ ಒಂದೇ ಇರುವುದಿಲ್ಲ. ಬೆಳಿಗ್ಗೆ 9ಕ್ಕೆ ಹೊರಟ ವಿಮಾನ ದುಬೈಯಲ್ಲಿ 11.30ಕ್ಕೆ ಇಳಿಯಿತು ಎಂದುಕೊಳ್ಳಿ. ಟಿಕೆಟ್ ನೋಡಿದವರಿಗೆ ಅದು ಎರಡೂವರೆ ಗಂಟೆ. ಅಲ್ಲಿಂದ ಮಧ್ಯಾಹ್ನ 1ಕ್ಕೆ ಹೊರಟದ್ದು ಇಲ್ಲಿ ಸಂಜೆ 6ಕ್ಕೆ ಇಳಿದರೆ ಐದು ಗಂಟೆ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಅದನ್ನು ಸರಿಪಡಿಸಿದರೆ ಹೋಗಲು ನಾಲ್ಕು ಗಂಟೆ, ಬರಲು ಮೂರೂವರೆ. ಗಡಿಯಾರದ ಲೆಕ್ಕ ಮುಗಿದರೂ ಅರ್ಧ ಗಂಟೆಯ ವ್ಯತ್ಯಾಸ ಉಳಿಯಿತು. ದೂರವೊಂದರಿಂದಲೇ ಹೊತ್ತನ್ನು ಹೇಳಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ದೂರವನ್ನು ವೇಗದಿಂದ ಭಾಗಿಸಿದರೆ ಸಾಲದೇ ಎಂದು ಕೇಳಬಹುದು. ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 2,460 ಕಿ.ಮೀ. ಗಂಟೆಗೆ 840 ಕಿ.ಮೀ. ವೇಗದಲ್ಲಿ ಅದು ಮೂರು ಗಂಟೆಯೊಳಗೆ ಮುಗಿಯಬೇಕು. ಆದರೆ ವಿಮಾನ ರನ್‌ವೇವರೆಗೆ ಸಾಗಬೇಕು, ನಿಧಾನವಾಗಿ ಮೇಲೇರಬೇಕು, ಇಳಿಯುವ ಸರದಿಗೆ ಕಾಯಬೇಕು. ಹಾದಿಯೂ ನಿಗದಿತ ವಾಯುಮಾರ್ಗಗಳಲ್ಲಿ ಕೊಂಚ ಸುತ್ತುತ್ತದೆ. ಜೊತೆಗೆ ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತ ಮತ್ತು ಅರೇಬಿಯದ ಮೇಲೆ, ಹತ್ತು-ಹನ್ನೆರಡು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ದಾರಿಯುದ್ದಕ್ಕೂ ಗಂಟೆಗೆ ಸರಾಸರಿ 70 ಕಿ.ಮೀ. ವೇಗದ ಎದುರುಗಾಳಿ ಇದ್ದರೆ ಹಾರಾಟ 3 ಗಂಟೆ 12 ನಿಮಿಷ. ಅಷ್ಟೇ ಗಾಳಿ ಹಿಂದಿನಿಂದ ನೂಕಿದರೆ 2 ಗಂಟೆ 42 ನಿಮಿಷ. ಆ ಅರ್ಧ ಗಂಟೆಯ ಗುಟ್ಟು ಇದೇ.

ಇನ್ನೊಂದು ಆಕ್ಷೇಪವೂ ಉಂಟು: ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹಾರುವ ವಿಮಾನವೇ ಬೇಗ ಮುಟ್ಟಬೇಕಲ್ಲವೇ? ಇಲ್ಲ. ಭೂಮಿಯ ಜೊತೆಗೆ ಅದರ ವಾತಾವರಣವೂ ತಿರುಗುತ್ತದೆ, ವಿಮಾನ ಆ ಗಾಳಿಯೊಳಗೇ ಇದೆ. ಆದ್ದರಿಂದ ಭೂಮಿಯ ತಿರುಗುವಿಕೆ ದುಬೈಯನ್ನು ಹತ್ತಿರ ತರುವುದಿಲ್ಲ. ಲೆಕ್ಕಕ್ಕೆ ಬರುವುದು ನೆಲಕ್ಕೆ ಹೋಲಿಸಿದ ಗಾಳಿಯ ಚಲನೆ ಮಾತ್ರ.

ದಾರಿ ಉದ್ದವಾದಷ್ಟೂ ಗೋಡೆಯ ಭೂಪಟವೂ ನಮ್ಮನ್ನು ಹಾದಿ ತಪ್ಪಿಸುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳೇ ನಡೆಸಿದ ಆ ವಿಮಾನ ಉತ್ತರ ಧ್ರುವದ ಮೇಲಿಂದ ಬಂತು. ಚಪ್ಪಟೆ ಭೂಪಟದಲ್ಲಿ ಅದು ದೊಡ್ಡ ಸುತ್ತು. ಆದರೆ ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ದಾರ ಬಿಗಿದು ನೋಡಿ, ದಾರ ತಾನಾಗಿ ಧ್ರುವದ ಕಡೆಗೇ ಜರುಗುತ್ತದೆ. ಸುಮಾರು 14,000 ಕಿ.ಮೀ.ಗಳ ನೇರ ದಾರಿ ಅದೇ.

ಆದ್ದರಿಂದ ಟಿಕೆಟ್ ಕೊಳ್ಳುವಾಗ ಹೊರಡುವ ಮತ್ತು ಮುಟ್ಟುವ ಹೊತ್ತನ್ನು ಕಳೆದು ನೋಡಬೇಡಿ. ಪ್ರಯಾಣದ ಅವಧಿ ಎಂದು ಬರೆದಿರುವುದನ್ನೇ ನೋಡಿ. ಅದಕ್ಕೆ ಅಜೆಕಾರಿನಿಂದ ಬಜ್ಪೆಯ ರಸ್ತೆಯನ್ನೂ ಮೂರು ಗಂಟೆ ಮುಂಚೆ ನಿಲ್ದಾಣ ಸೇರುವುದನ್ನೂ ಕೂಡಿಸಿ. ದುಬೈಗೆ ಹಾರುವಷ್ಟೇ ಹೊತ್ತು ವಿಮಾನ ಹತ್ತುವ ಮೊದಲೂ ಬೇಕು.